ಘಾಟಿಯಲ್ಲಿ ಖುಷಿ ಬೇಕು, ಬಂಕಿನಲ್ಲಿ ಹೊಟ್ಟೆ ಉರಿಯಬಾರದು: ಸಣ್ಣ ಕಾರಿನವರು ಏನು ಮಾಡ್ತೀರಿ?

ಉಜಿರೆ_ಯಶವಂತಪುರ

ನಮ್ಮನೆ ಉಜಿರೆ, ಕೆಲಸ ಬೆಂಗಳೂರು. ತಿಂಗಳಿಗೊಮ್ಮೆ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಊರಿಗೆ ಹೋಗ್ತೇನೆ. ಹೋಗಿ ಬರೋದು ಸುಮಾರು 600 ಕಿಲೋಮೀಟರ್. ಕಾರು 2018ರ ಸ್ವಿಫ್ಟ್ ಪೆಟ್ರೋಲ್. ನಾಲ್ಕು ಸಿಲಿಂಡರಿನ 1.2 ಇಂಜಿನ್, 83 ಪಿಎಸ್ (ಅಶ್ವಶಕ್ತಿ), ಐದು ಗೇರು. ಕಾರಿನ ತೂಕ 900 ಕೆಜಿ ಕೂಡ ಇಲ್ಲ. ಅದಕ್ಕೇ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಹೇಳಿದ ಮಾತು ಕೇಳುತ್ತೆ. ನನಗೆ ಅದೇ ಇಷ್ಟ.

ಸಮಸ್ಯೆ ಅಪ್ಪ. ಅಂಗಳದಲ್ಲಿ ಕಾರು ನಿಲ್ಲಿಸಿದ ಕೂಡಲೇ ಅವರ ಮೊದಲ ಪ್ರಶ್ನೆ "ಎಷ್ಟು ಕೊಟ್ಟಿತು?" ನಾನು ಹೇಗಿದ್ದೇನೆ ಅನ್ನೋದು ಎರಡನೇ ಪ್ರಶ್ನೆ. ಕಂಪನಿ ಹೇಳಿದ್ದು ಲೀಟರಿಗೆ 22 ಕಿಲೋಮೀಟರ್, ನಿನಗೆ ಯಾಕೆ 18 ಅಂತ ಪ್ರತಿ ಸಲ ಪಾಠ.

ಹಾಗಾಗಿ ಎರಡು ತಿಂಗಳು ಲೆಕ್ಕ ಇಟ್ಟೆ. ಯಶವಂತಪುರದ ಒಂದೇ ಬಂಕು, ಒಂದೇ ಪಂಪು, ನಾಝಲ್ ತಾನಾಗಿ ಕಟ್ ಆಗುವವರೆಗೆ ಫುಲ್. ಮೊದಲ ಸಲ ಸಾಧು ಥರ ಓಡಿಸಿದೆ. ಹೈವೇಯಲ್ಲಿ 80, ಘಾಟಿಯಲ್ಲಿ ಯಾರ ಹಿಂದೆ ಸಿಕ್ಕಿಕೊಂಡೆನೋ ಅವರ ಹಿಂದೆ. 20.1 ಬಂತು. ಎರಡನೇ ಸಲ ಮನಸ್ಸು ಬಂದ ಹಾಗೆ. 18.3 ಬಂತು.

600 ಕಿಲೋಮೀಟರಿಗೆ ವ್ಯತ್ಯಾಸ ಮೂರು ಲೀಟರ್. ಲೀಟರಿಗೆ 103 ಅಂತ ಹಿಡಿದರೆ ಮುನ್ನೂರು ರೂಪಾಯಿ. ನನ್ನ ಪ್ರಶ್ನೆ ಇಷ್ಟೇ. ಆ ಮೂರು ಲೀಟರ್ ಎಲ್ಲಿ ಹೋಯಿತು? ಚಾರ್ಮಾಡಿಯಲ್ಲೇ ಹೋಯಿತು ಅಂತಾದ್ರೆ ಸಂತೋಷವಾಗಿ ಕೊಡ್ತೇನೆ.

ಹಳೇ_ಡೀಸೆಲ್

ಒಂದೇ ಮಾತಲ್ಲಿ ಉತ್ತರ: ಡೀಸೆಲ್ ತಗೋಬೇಕಿತ್ತು.

ನನ್ನದು 2012ರ ಸ್ವಿಫ್ಟ್, ಫಿಯಟ್ ಕಡೆಯಿಂದ ಬಂದ 1.3 ಮಲ್ಟಿಜೆಟ್. ಸ್ವಿಫ್ಟ್, ರಿಟ್ಜ್, ಪುಂಟೊ, ಇಂಡಿಕಾ ವಿಸ್ಟಾ, ಎಲ್ಲದರ ಹೊಟ್ಟೆಯಲ್ಲೂ ಅದೇ ಇಂಜಿನ್. 75 ಪಿಎಸ್ ಅಷ್ಟೇ, ಆದ್ರೆ ಟಾರ್ಕ್, ಅಂದ್ರೆ ತಿರುಗಿಸೋ ಬಲ, 190 ನ್ಯೂಟನ್ ಮೀಟರ್. ನಿಮ್ಮ ಪೆಟ್ರೋಲಿಗೆ 113. 2000 ಆರ್‌ಪಿಎಂವರೆಗೆ (ನಿಮಿಷಕ್ಕೆ ಇಂಜಿನ್ ತಿರುಗೋ ಸುತ್ತು) ಮಲಗಿರುತ್ತೆ, ಆಮೇಲೆ ಎದ್ದರೆ ಬೆನ್ನು ಸೀಟಿಗೆ ಅಂಟುತ್ತೆ. ಇಷ್ಟು ಆಡಿಸಿಯೂ ನನಗೆ 20ಕ್ಕಿಂತ ಕಡಿಮೆ ಕೊಟ್ಟಿದ್ದು ನೆನಪಿಲ್ಲ. ಖುಷಿ ಮತ್ತು ಮೈಲೇಜ್ ಒಟ್ಟಿಗೆ ಸಿಗ್ತಾ ಇದ್ದ ಕಾಲ ಅದು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂತು, ಮಾರುತಿ ಡೀಸೆಲ್ ನಿಲ್ಲಿಸಿತು, ಕಥೆ ಮುಗೀತು.

ಫಿಸಿಕ್ಸ್_ಮೇಷ್ಟ್ರು

ಡೀಸೆಲ್ ಅಣ್ಣ, ಅವರು ಕೇಳಿದ್ದು ಯಾವ ಕಾರು ತಗೋಬೇಕು ಅಂತ ಅಲ್ಲ. ಮೂರು ಲೀಟರ್ ಎಲ್ಲಿ ಹೋಯಿತು ಅಂತ.

ಉಜಿರೆಯವರೇ, ಎರಡನೇ ಸಲ ನೆಲಮಂಗಲದಿಂದ ಹಾಸನದವರೆಗೆ ಎಷ್ಟರಲ್ಲಿ ಓಡಿಸಿದ್ರಿ? ನಿಜ ಹೇಳಿ.

ಉಜಿರೆ_ಯಶವಂತಪುರ

ಸರಾಸರಿ 95 ಇರಬಹುದು ಸರ್. ಆಗಾಗ 100. ಅದರಲ್ಲಿ ಖುಷಿ ಏನೂ ಇರಲಿಲ್ಲ. ರಸ್ತೆ ನೇರ, ಪಾಡ್‌ಕಾಸ್ಟ್ ಕೇಳ್ತಾ ಕಾಲು ತಾನಾಗಿ ಒತ್ತುತ್ತೆ ಅಷ್ಟೇ.

ಫಿಸಿಕ್ಸ್_ಮೇಷ್ಟ್ರು

ಸಿಕ್ಕಿತು ಕಳ್ಳ.

ಗಾಳಿ ಕಾರನ್ನು ಹಿಂದಕ್ಕೆ ತಳ್ಳೋ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 80ರಿಂದ 95ಕ್ಕೆ ಹೋದರೆ ವೇಗ ಏರಿದ್ದು ಶೇ. 19, ಗಾಳಿಯ ತಡೆ ಏರಿದ್ದು ಶೇ. 41. ನಿಮ್ಮ ಗಾತ್ರದ ಕಾರಿಗೆ ಅದು ಸುಮಾರು 85 ನ್ಯೂಟನ್ ಹೆಚ್ಚುವರಿ ಬಲ. ಹೋಗೋವಾಗ 150, ಬರೋವಾಗ 150, ಒಟ್ಟು 300 ಕಿಲೋಮೀಟರ್ ಅದನ್ನು ತಳ್ಳಿದ್ದೀರಿ. ಒಂದು ಲೀಟರ್ ಪೆಟ್ರೋಲಿನಲ್ಲಿ 32 ಮೆಗಾಜೂಲ್ ಶಕ್ತಿ. ಅದರಲ್ಲಿ ಚಕ್ರಕ್ಕೆ ಸಿಗೋದು ಸುಮಾರು 10 ಅಂತ ಹಿಡಿಯೋಣ, ಉಳಿದದ್ದು ಬಿಸಿಯಾಗಿ ಹೋಗುತ್ತೆ. ಲೆಕ್ಕ ಹಾಕಿದರೆ ಎರಡೂವರೆ ಲೀಟರ್ ಬರುತ್ತೆ.

ಅಂದ್ರೆ ನಿಮ್ಮ ಮೂರರಲ್ಲಿ ಎರಡೂವರೆ ಹೋಗಿದ್ದು ನಿಮಗೆ ಬೋರು ಹೊಡೆಸಿದ ರಸ್ತೆಯಲ್ಲಿ. ಅದರಿಂದ ಉಳಿದದ್ದು ಒಂದು ಕಡೆಗೆ ಹದಿನೇಳು ಹದಿನೆಂಟು ನಿಮಿಷ. ಅಷ್ಟು ಹೊತ್ತನ್ನು ಟೀ ಕುಡಿಯೋದ್ರಲ್ಲಿ ಕಳೆದಿರ್ತೀರಿ.

ಈಗ ಘಾಟಿ. ನೀವು ಮತ್ತೊಬ್ಬರು ಕೂತರೆ ಕಾರು 1050 ಕೆಜಿ ಅಂತ ಇಟ್ಟುಕೊಳ್ಳಿ. ಇದನ್ನು 100 ಮೀಟರ್ ಎತ್ತರಕ್ಕೆ ಏರಿಸೋಕೆ ಹತ್ತಿರ ಹತ್ತಿರ 100 ಮಿಲಿ ಪೆಟ್ರೋಲ್ ಬೇಕು. ನೀವು ಹಾಡು ಹೇಳ್ತಾ ಏರಿ, ಅಳ್ತಾ ಏರಿ, ಆ ಬಾಬತ್ತು ತಪ್ಪೋದಿಲ್ಲ. ನಿಮ್ಮ ಶೈಲಿಯಿಂದ ವ್ಯತ್ಯಾಸ ಬರೋದು ಬ್ರೇಕಿನಲ್ಲಿ. 50ಕ್ಕೆ ಏರಿಸಿ ತಿರುವಿಗೆ 25ಕ್ಕೆ ಇಳಿಸಿದರೆ ಒಂದು ಸಲಕ್ಕೆ 7–8 ಮಿಲಿ ಡಿಸ್ಕಿನ ಮೇಲೆ ಬಿಸಿಯಾಗಿ ಹೋಗುತ್ತೆ. ಒಂದೂವರೆ ಚಮಚ. ಅಂಥ ಐವತ್ತು ತಿರುವಿಗೆ 400 ಮಿಲಿ. ಅಲ್ಲಿಗೆ ನಿಮ್ಮ ಉಳಿದ ಅರ್ಧ ಲೀಟರ್ ಕೂಡ ಲೆಕ್ಕಕ್ಕೆ ಸಿಕ್ಕಿತು.

ಚಾರ್ಮಾಡಿಯ ಖುಷಿಯ ಬೆಲೆ ನಲವತ್ತೈವತ್ತು ರೂಪಾಯಿ ಸ್ವಾಮಿ. ಉಳಿದ ಇನ್ನೂರೈವತ್ತು ಗಾಳಿಗೆ.

ಉಜಿರೆ_ಯಶವಂತಪುರ

ಮೇಷ್ಟ್ರೇ, ಇದನ್ನ ಪ್ರಿಂಟ್ ತೆಗೆದು ಅಪ್ಪನಿಗೆ ಕೊಡ್ತೇನೆ.

ಎರಡನೇ_ಗೇರು

ಆ 400 ಮಿಲಿಯನ್ನೂ ಅರ್ಧ ಮಾಡಬಹುದು. ನಾನು ಮಡಿಕೇರಿಯವಳು, ಸಂಪಾಜೆ ಘಾಟಿ ನನಗೆ ಮನೆ ಮೆಟ್ಟಿಲ ಹಾಗೆ. ಕಾರು ಹಳೇ ಐ10.

ಹುಡುಗರು ಮಾಡೋ ತಪ್ಪು ಒಂದೇ. ಎರಡು ತಿರುವಿನ ಮಧ್ಯೆ ಇರೋ ನೂರು ಮೀಟರ್ ನೇರ ರಸ್ತೆಯಲ್ಲಿ ಜೋರಾಗಿ ತುಳೀತಾರೆ, ತಿರುವು ಬಂದಾಗ ಗಾಬರಿಯಾಗಿ ಬ್ರೇಕ್ ಒತ್ತುತ್ತಾರೆ. ಕೊಂಡದ್ದನ್ನೆಲ್ಲಾ ಅಲ್ಲೇ ಚೆಲ್ಲಿಬಿಡ್ತಾರೆ. ಸಣ್ಣ ಇಂಜಿನ್ನಿನ ಕಾರಿಗೆ ಅದು ಹೊಂದೋದೂ ಇಲ್ಲ. ನಮ್ಮ ಹತ್ರ ಇರೋ ವೇಗ ಉಳಿಸಿಕೊಳ್ಳೋದೇ ಆಟ. ತಿರುವಿಗೆ ಮುಂಚೆಯೇ ಕಾಲು ಎತ್ತಿ, ಎರಡಕ್ಕೋ ಮೂರಕ್ಕೋ ಗೇರು ಹಾಕಿ, ಒಂದೇ ಸಲ ಸ್ಟೀರಿಂಗ್ ತಿರುಗಿಸಿ, ನಿಮ್ಮ ಲೇನ್ ಬಿಡದೆ ಹೊರಗೆ ಬನ್ನಿ. 45ರಲ್ಲಿ ಇಡೀ ಘಾಟಿ ಹತ್ತಿದರೆ 60–25–60–25 ಅಂತ ಹತ್ತಿದವನಿಗಿಂತ ಜಾಸ್ತಿ ಮಜಾ ಇದೆ. ಹೊತ್ತೂ ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತೆ.

ನನ್ನ ಹತ್ರ ಇದಕ್ಕೊಂದು ಮೀಟರ್ ಇದೆ. ಘಾಟಿ ಶುರುವಾಗೋ ಮುಂಚೆ ಅತ್ತೆ ಬ್ಯಾಗಿನಿಂದ ನಿಂಬೆಹಣ್ಣು ತೆಗೆದು ಮಡಿಲಲ್ಲಿ ಇಟ್ಟುಕೊಳ್ತಾರೆ. ಅದು ಮಡಿಲಲ್ಲೇ ಇದ್ದರೆ ನಾನು ಚೆನ್ನಾಗಿ ಓಡಿಸ್ತಿದ್ದೇನೆ ಅಂತ. ಕೈಗೆ ಬಂದರೆ ಸ್ವಲ್ಪ ಎಚ್ಚರ. ಮೂಗಿಗೆ ಹೋಯಿತು ಅಂದ್ರೆ ಬ್ರೇಕಿನಲ್ಲಿ ಪೆಟ್ರೋಲ್ ಸುಡ್ತಿದ್ದೇನೆ ಅಂತ ಅರ್ಥ.

ಹಳೇ_ಡೀಸೆಲ್

ನಿಂಬೆಹಣ್ಣು ಮೀಟರ್! ಇದಕ್ಕೆ ಪೇಟೆಂಟ್ ಮಾಡಿಸಿ ಮೇಡಂ.

ಸುಮ್ನೆ_ಓದುಗ

ಎಲ್ಲರೂ ಖುಷಿಯಲ್ಲಿದ್ದೀರಿ, ಮಧ್ಯೆ ಕಲ್ಲು ಹಾಕ್ತಾ ಇದ್ದೇನೆ. ಚಾರ್ಮಾಡಿ ಆಟದ ಮೈದಾನ ಅಲ್ಲ. 2019ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದು ಮರೆತುಹೋಯ್ತಾ? ಮಳೆಗಾಲದಲ್ಲಿ ಮಂಜು ಬಿದ್ದರೆ ಬಾನೆಟ್ಟಿನ ತುದಿ ಕಾಣಲ್ಲ. ತಿರುವಿನ ಆಚೆ ಕೆಎಸ್ಸಾರ್ಟಿಸಿ ಬಸ್ಸು ಅರ್ಧ ನಿಮ್ಮ ಕಡೆಗೆ ಬಂದಿರುತ್ತೆ, ಅದಕ್ಕೆ ಬೇರೆ ದಾರಿಯೇ ಇಲ್ಲ. ಇನ್ನೊಂದು, ಇಳಿಯೋ ಗಾಡಿ ಏರೋ ಗಾಡಿಗೆ ದಾರಿ ಬಿಡಬೇಕು ಅನ್ನೋ ನಿಯಮ ಇದೆ. ಎಷ್ಟು ಜನ ಬಿಡ್ತಾರೆ?

ಎರಡನೇ_ಗೇರು

ನೀವು ಹೇಳಿದ್ದು ಸರಿ. ಅದಕ್ಕೇ ನಾನು 45 ಅಂದಿದ್ದು, ಅದೂ ರಸ್ತೆ ಒಣಗಿದ್ದಾಗ, ಮುಂದೆ ಕಾಣ್ತಿದ್ದಾಗ. ಕಾಣೋ ದೂರದ ಒಳಗೆ ನಿಲ್ಲಿಸೋಕೆ ಆಗದಿದ್ದರೆ ಅದು ಡ್ರೈವಿಂಗ್ ಅಲ್ಲ. ಮಂಜಿನಲ್ಲಿ ನಾನೂ ಬಸ್ಸಿನ ಹಿಂದೆಯೇ ಹೋಗೋದು. ಬಸ್ ಡ್ರೈವರಿಗೆ ನನಗಿಂತ ಆ ರಸ್ತೆ ಗೊತ್ತು.

ಮೈಲೇಜ್_ಕಿಂಗ್_25

ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿ ಬಿಡಿ. ಕೊಟ್ಟಿಗೆಹಾರದಿಂದ ಕೆಳಗಿನವರೆಗೆ ಪೆಟ್ರೋಲ್ ಖರ್ಚೇ ಇಲ್ಲ. ನಾನು ಹತ್ತು ವರ್ಷದಿಂದ ಹೀಗೇ ಮಾಡ್ತಿರೋದು.

ಗ್ಯಾರೇಜ್_ಪುತ್ತೂರು

ಇದನ್ನ ಓದಿ ಸುಮ್ಮನಿರೋಕೆ ಆಗಲಿಲ್ಲ. ಅಣ್ಣಾ, ದಯವಿಟ್ಟು ನಿಲ್ಲಿಸಿ.

ಕಾರ್ಬುರೇಟರ್ ಕಾಲದಲ್ಲಿ ನಮ್ಮಪ್ಪ ಅಂಬಾಸಡರಿನಲ್ಲಿ ಹಾಗೆ ಮಾಡ್ತಿದ್ರು. ಈಗಿನ ಇಂಜೆಕ್ಷನ್ ಕಾರಿನಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ಪೂರ್ತಿ ಎತ್ತಿದರೆ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತೆ. ಚಕ್ರವೇ ಇಂಜಿನ್ ತಿರುಗಿಸುತ್ತೆ. ಆರ್‌ಪಿಎಂ ತೀರಾ ಇಳಿದಾಗ ಮಾತ್ರ ಮತ್ತೆ ಪೆಟ್ರೋಲ್ ಬಿಡುತ್ತೆ. ನ್ಯೂಟ್ರಲ್ ಹಾಕಿದ್ರಿ ಅಂದ್ರೆ ಇಂಜಿನ್ ಆರಬಾರದಲ್ಲ, ಅದಕ್ಕೆ ಐಡಲ್ ಪೆಟ್ರೋಲ್ ಹೋಗ್ತಾನೇ ಇರುತ್ತೆ. ಅಂದ್ರೆ ನೀವು ಹತ್ತು ವರ್ಷದಿಂದ ಉಳಿಸಿಲ್ಲ, ಜಾಸ್ತಿ ಸುಟ್ಟಿದ್ದೀರಿ.

ಜೊತೆಗೆ ಇಂಜಿನ್ ಹಿಡಿತ ಇಲ್ಲದೆ ಎಲ್ಲಾ ಭಾರ ಬ್ರೇಕಿನ ಮೇಲೆ. ಘಾಟಿ ಇಳಿದು ಬಂದ ಕೆಲವು ಕಾರು ನಮ್ಮ ಶೆಡ್ಡಿಗೆ ಬರುವಾಗ ಸುಟ್ಟ ವಾಸನೆ ರಸ್ತೆಗೇ ಬರುತ್ತೆ. ಪ್ಯಾಡ್ ಗಾಜಿನ ಹಾಗೆ ಹೊಳೀತಿರುತ್ತೆ, ಡಿಸ್ಕ್ ನೀಲಿ ತಿರುಗಿರುತ್ತೆ. ಯಾವ ಗೇರಿನಲ್ಲಿ ಏರ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಹಳಬರು ಹೇಳಿದ್ದು ಸರಿಯೇ ಇದೆ.

ಉಜಿರೆಯವರಿಗೆ ಒಂದು ಮಾತು. ಓಡಿಸೋ ಶೈಲಿ ಬಗ್ಗೆ ಇಷ್ಟೆಲ್ಲಾ ಲೆಕ್ಕ ಹಾಕೋ ಮುಂಚೆ ಗಾಡಿ ಸರಿ ಇದೆಯಾ ನೋಡಿ. ಟಯರ್ ಗಾಳಿ ಡ್ರೈವರ್ ಬಾಗಿಲ ಹತ್ರ ಸ್ಟಿಕ್ಕರಿನಲ್ಲಿ ಬರೆದಷ್ಟೇ ಇರಲಿ, ಬೆಳಿಗ್ಗೆ ಟಯರ್ ತಣ್ಣಗಿರುವಾಗ ಹಿಡಿಸಿ. ಏರ್ ಫಿಲ್ಟರ್ ತೆಗೆದು ನೋಡಿ. ಇನ್ನೊಂದು ಯಾರೂ ಮಾಡದ ಕೆಲಸ: 20 ಕಿಲೋಮೀಟರ್ ನೇರ ರಸ್ತೆಯಲ್ಲಿ ಬ್ರೇಕ್ ಜಾಸ್ತಿ ಒತ್ತದೆ ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರದ ಹತ್ರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಹತ್ರ ಹಿಡಿದರೆ ಸಾಕು. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡ್ಕೊಂಡಿದೆ ಅಂತ. ಹೋದ ವರ್ಷ ಒಬ್ಬರು ಮೈಲೇಜ್ ಬಿದ್ದಿದೆ ಅಂತ ಎಲ್ಲೋ ಆರು ಸಾವಿರ ಕೊಟ್ಟು ಇಂಜಿನ್ ಕ್ಲೀನಿಂಗ್ ಮಾಡಿಸ್ಕೊಂಡು ಬಂದಿದ್ರು. ಗಾಡಿಯಲ್ಲಿ ಇದ್ದ ತೊಂದರೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಆಗಿದ್ದು.

ಮೈಲೇಜ್_ಕಿಂಗ್_25

ನ್ಯೂಟ್ರಲ್ ವಿಷಯ ಗೊತ್ತಿರಲಿಲ್ಲ. ಆದ್ರೂ ನನಗೆ 25 ಬರೋದು ನಿಜ.

ಗ್ಯಾರೇಜ್_ಪುತ್ತೂರು

ಡಿಸ್‌ಪ್ಲೇ ನೋಡಿ ಹೇಳ್ತೀರಾ, ಟ್ಯಾಂಕ್ ಫುಲ್ ಮಾಡಿ ಹೇಳ್ತೀರಾ?

ಮೈಲೇಜ್_ಕಿಂಗ್_25

ಡಿಸ್‌ಪ್ಲೇ.

ಗ್ಯಾರೇಜ್_ಪುತ್ತೂರು

🙏

ಸಿಲ್ಕ್‌ಬೋರ್ಡ್_ಸಂತ್ರಸ್ತೆ

ಘಾಟಿ ಇರೋರು ಪುಣ್ಯವಂತರು. ನನ್ನ ಘಾಟಿ ಎಂದರೆ ಸಿಲ್ಕ್ ಬೋರ್ಡ್ ಫ್ಲೈಓವರ್. 2024ರ ಹೊಸ ಸ್ವಿಫ್ಟ್, ಮೂರು ಸಿಲಿಂಡರಿಂದು, ಎಎಂಟಿ (ತಾನಾಗಿ ಗೇರು ಬದಲಿಸೋದು). ಕಂಪನಿ ಹೇಳಿದ್ದು 25.75. ನನಗೆ ಸಿಗ್ತಿರೋದು 13. ಮೊದಲ ತಿಂಗಳು ಗಾಡಿಯಲ್ಲೇ ಏನೋ ದೋಷ ಅಂತ ಅಂದುಕೊಂಡಿದ್ದೆ.

ಫಿಸಿಕ್ಸ್_ಮೇಷ್ಟ್ರು

ದೋಷ ಇಲ್ಲ ತಾಯಿ. ಆ ಅಂಕಿ ಬರೋದು ರಸ್ತೆಯಲ್ಲಿ ಅಲ್ಲ, ರೋಲರ್ ಮೇಲೆ. ಹತ್ತೊಂಬತ್ತು ಇಪ್ಪತ್ತು ನಿಮಿಷದ ಪರೀಕ್ಷೆ, ಗರಿಷ್ಠ ವೇಗ 90, ಎಸಿ ಬಂದ್. ಎಲ್ಲಾ ಕಾರಿಗೂ ಒಂದೇ ಅಳತೆ ಇರಲಿ ಅಂತ ಮಾಡಿರೋದು. ಎರಡು ಕಾರು ಹೋಲಿಸೋಕೆ ಸರಿ, ಅಪ್ಪನಿಗೆ ಉತ್ತರ ಕೊಡೋಕೆ ಅಲ್ಲ.

ನಿಂತ ಗಾಡಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತೆ, ಎಸಿ ಹಾಕಿದರೆ ಇನ್ನೂ ಜಾಸ್ತಿ. ದಿನಾ ಒಂದು ಗಂಟೆ ನಿಂತರೆ ಮೈಲೇಜ್ ಎಲ್ಲಿಂದ ಬರಬೇಕು?

ಸಿಲ್ಕ್‌ಬೋರ್ಡ್_ಸಂತ್ರಸ್ತೆ

ಮತ್ತೆ ನನ್ನ ಪಾಲಿಗೆ ಖುಷಿ ಎಲ್ಲಿದೆ ಮೇಷ್ಟ್ರೇ? 😀

ಎರಡನೇ_ಗೇರು

ಇದೆ. ಎದುರಿನ ಕಾರಿನ ಬಂಪರ್ ನೋಡಬೇಡಿ, ಅದರಾಚೆ ಇರೋ ಎರಡು ಗಾಡಿಗಳ ಬ್ರೇಕ್ ಲೈಟ್ ನೋಡಿ. ಸಿಗ್ನಲ್ ಕೆಂಪಾಗಿರೋದು ದೂರದಿಂದ ಕಂಡರೆ ಅಲ್ಲೇ ಕಾಲು ಎತ್ತಿ. ತಲುಪುವಷ್ಟರಲ್ಲಿ ಹಸಿರಾಗಿ ನೀವು ನಿಲ್ಲದೇ ದಾಟಿದ್ರಿ ಅಂದ್ರೆ ಅದರ ಮಜಾನೇ ಬೇರೆ. ನಾನು ಬೆಂಗಳೂರಿಗೆ ಬಂದಾಗ ಬ್ರೇಕ್ ಮುಟ್ಟದೆ ಎಷ್ಟು ಸಿಗ್ನಲ್ ದಾಟಿದೆ ಅಂತ ಎಣಿಸ್ತೇನೆ. ದಾಖಲೆ ನಾಲ್ಕು. ಹಿಂದಿನವನು ಹಾರ್ನ್ ಹೊಡೀತಾನೆ, ಹೊಡೀಲಿ ಬಿಡಿ. ಅವನೂ ಅದೇ ಸಿಗ್ನಲ್ಲಿಗೇ ಹೋಗೋದು.

ಫಿಸಿಕ್ಸ್_ಮೇಷ್ಟ್ರು

ಇದಕ್ಕೂ ಲೆಕ್ಕ ಇದೆ. ಹೈವೇಯಲ್ಲಿ 80ರಿಂದ ಪೂರ್ತಿ ನಿಲ್ಲಿಸಿ ಮತ್ತೆ 80ಕ್ಕೆ ಏರಿಸಿದರೆ ಸುಮಾರು 25 ಮಿಲಿ, ಎರಡೂವರೆ ರೂಪಾಯಿ. ಊರೊಳಗೆ 40ರಿಂದ ಆದರೆ ಅದರ ಕಾಲು ಭಾಗ. ಚಿಲ್ಲರೆ ಅನ್ನಿಸಬಹುದು, ದಿನಕ್ಕೆ ಎಷ್ಟು ಸಲ ನಿಲ್ಲಿಸ್ತೀರಿ ಎಣಿಸಿ. ತಿಂಗಳಿಗೆ 500 ಕಿಲೋಮೀಟರ್ ಊರೊಳಗೆ ಓಡಿಸೋರು 12ನ್ನು 14ಕ್ಕೆ ಏರಿಸಿದರೆ ಆರು ಲೀಟರ್ ಉಳಿಯುತ್ತೆ. ಆರುನೂರು ರೂಪಾಯಿ. ಉಜಿರೆಯವರ ಇಡೀ ಚಾರ್ಮಾಡಿ ಖುಷಿಗೆ ಹತ್ತು ಪಟ್ಟಿಗಿಂತ ಜಾಸ್ತಿ.

ಇನ್ನೊಂದು ತಪ್ಪು ನಂಬಿಕೆ. ಮೈಲೇಜ್ ಬೇಕು ಅಂತ ಎಷ್ಟೋ ಜನ ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ ತುಳೀತಾರೆ, ಎರಡನೇ ಗೇರಿನಲ್ಲಿ ಅರ್ಧ ಕಿಲೋಮೀಟರ್ ತೆವಳ್ತಾರೆ. ಪೆಟ್ರೋಲ್ ಇಂಜಿನ್ನಿಗೆ ತೀರಾ ಹಗುರ ಕೆಲಸ ಕೊಟ್ಟರೆ ಅದು ದಂಡ. ಸ್ವಲ್ಪ ಗಟ್ಟಿಯಾಗಿ ತುಳಿದು, 2000–2500 ಆರ್‌ಪಿಎಂನಲ್ಲಿ ಬೇಗ ಬೇಗ ಗೇರು ಬದಲಿಸಿ, ಬೇಕಾದ ವೇಗಕ್ಕೆ ಬಂದು ಕಾಲು ಹಗುರ ಮಾಡಿ. ಓಡಿಸೋದಕ್ಕೂ ಅದೇ ಚೆಂದ.

ಟರ್ಬೊ_ತಿಮ್ಮ

ನಾನೂ ಒಂದು ಮಾತು. ಪೋಲೊ 1.0 ಟಿಎಸ್ಐ, 110 ಪಿಎಸ್, 175 ನ್ಯೂಟನ್ ಮೀಟರ್. ಹೆಂಡತಿ ಓಡಿಸಿದರೆ 17.5, ನಾನು ಓಡಿಸಿದರೆ 11. ಅದೇ ರಸ್ತೆ, ಅದೇ ಕಾರು. ಟರ್ಬೊ ಪೆಟ್ರೋಲಿನ ಮೈಲೇಜ್ ಕಾರಿನದ್ದಲ್ಲ, ಕಾಲಿನದ್ದು. ಆದ್ರೆ 2022ರಲ್ಲಿ ಪೋಲೊ ನಿಂತಮೇಲೆ ನನ್ನ ಕಾರನ್ನ ಯಾರೂ ಮುಟ್ಟೋಕೆ ಬಿಡಲ್ಲ. 11ಕ್ಕೆ ಬೇಜಾರಿಲ್ಲ.

ಹಳೇ_ಡೀಸೆಲ್

ಹೆಂಡತಿ ಮುಟ್ಟಬಹುದಾ?

ಟರ್ಬೊ_ತಿಮ್ಮ

ಲೋನ್ ಅವಳದ್ದು.

ಸುಮ್ನೆ_ಓದುಗ

ಯಾರೂ ಇ20, ಅಂದ್ರೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ ಮಾತಾಡ್ಲಿಲ್ಲ? ನನ್ನ 2016ರ ಕಾರು ಮುಂಚೆ ಕೊಡ್ತಿದ್ದಷ್ಟು ಈಗ ಕೊಡಲ್ಲ.

ಫಿಸಿಕ್ಸ್_ಮೇಷ್ಟ್ರು

ಕೊಡೋಕೆ ಆಗಲ್ಲ. ಎಥೆನಾಲ್ ಲೀಟರಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಅದನ್ನು ಶೇ. 20 ಬೆರೆಸಿದರೆ ಒಟ್ಟು ಶಕ್ತಿ ಶೇ. 6–7 ಇಳಿಯುತ್ತೆ. 20 ಕೊಡ್ತಿದ್ದ ಗಾಡಿ 19ರ ಆಸುಪಾಸಿಗೆ ಬಂದರೆ ಅದು ನಿಮ್ಮ ಕಾಲಿನ ತಪ್ಪಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇದಕ್ಕೆ ಚಾಲನೆ ಕೊಟ್ಟಿದ್ದು.

ಹಳೇ_ಡೀಸೆಲ್

ಮಂಡ್ಯದ ಕಬ್ಬಿನ ಎಥೆನಾಲ್ ಹಾಕಿಕೊಂಡು ಓಡಿಸ್ತಾ ಮಂಡ್ಯದವರಿಗೇ ಬೈತೀರಾ? ಡೀಸೆಲ್ ತಗೊಳ್ಳಿ ಅಂತ ಮೊದಲೇ ಹೇಳಿದೆ.

ಗ್ಯಾರೇಜ್_ಪುತ್ತೂರು

2016ರ ಗಾಡಿ ಆದರೆ ಸರ್ವಿಸ್ ಮಾಡಿಸುವಾಗ ಪೆಟ್ರೋಲ್ ಪೈಪ್, ರಬ್ಬರ್ ಸೀಲ್ ಒಮ್ಮೆ ನೋಡಿಸಿ. ಬಿರುಕು ಬಿಟ್ಟಿದ್ದರೆ ಬದಲಿಸಿ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸಿ ಇಡಬೇಡಿ. ಇಷ್ಟು ಸಾಕು, ಈ ಜಗಳ ಇಲ್ಲಿ ಶುರುವಾದರೆ ನಿಲ್ಲೋದಿಲ್ಲ.

ಉಜಿರೆ_ಯಶವಂತಪುರ

ಐದು ವಾರ ಆದಮೇಲೆ ಬಂದಿದ್ದೇನೆ, ಲೆಕ್ಕ ಒಪ್ಪಿಸೋಕೆ.

ಮೇಷ್ಟ್ರು ಹೇಳಿದ ಹಾಗೆ ಹಾಸನದವರೆಗೆ 80 ದಾಟಲಿಲ್ಲ. ಮೊದಲ ಅರ್ಧ ಗಂಟೆ ಕಷ್ಟ ಆಯಿತು. ಟ್ಯಾಂಕರುಗಳೂ ನನ್ನನ್ನ ಹಿಂದೆ ಹಾಕಿದವು. ಕುಣಿಗಲ್ ದಾಟಿದ ಮೇಲೆ ಅಭ್ಯಾಸ ಆಯಿತು. ಉಳಿದದ್ದೆಲ್ಲಾ ಮೂಡಿಗೆರೆ ಆಚೆಗೆ ಅಂತ ಇಟ್ಟುಕೊಂಡೆ. ಬೇಲೂರು ದಾಟಿ ಕಾಫಿ ತೋಟ ಶುರುವಾದ ಮೇಲೆ ಕಿಟಕಿ ಇಳಿಸಿ, ಎಸಿ ಆರಿಸಿ, ಮೂರನೇ ಗೇರಿನಲ್ಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿದೆ. ಮೇಡಂ ಹೇಳಿದ ಹಾಗೆ ಮುಂಚೆಯೇ ಕಾಲು ಎತ್ತೋದನ್ನ ಪ್ರಯತ್ನಿಸಿದೆ. ಮೊದಲ ಏಳೆಂಟು ತಿರುವಿನಲ್ಲಿ ತೀರಾ ಬೇಗ ಎತ್ತಿ ನಗೆಪಾಟಲಾಯಿತು, ಹಿಂದಿನ ಜೀಪಿನವನು ಹಾರ್ನ್ ಹೊಡೆದೇ ಹೊಡೆದ. ಆಮೇಲೆ ಒಂದು ಕಡೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಮೂರು ತಿರುವು ಬ್ರೇಕ್ ಮುಟ್ಟದೆ, ಗೇರಿನ ಹಿಡಿತದಲ್ಲೇ ಸಾಗಿದವು. ಟಯರ್ ಸದ್ದಿಲ್ಲ, ಕಾರು ಒಂದೇ ಗೆರೆ ಎಳೆದ ಹಾಗೆ. ಏಳು ವರ್ಷದಿಂದ ಓಡಿಸ್ತಿದ್ದೇನೆ, ಈ ಕಾರು ಹೀಗೆ ಹೋಗಿದ್ದು ಇದೇ ಮೊದಲು.

ಬರುವಾಗ ಅಮ್ಮನೂ ಇದ್ದರು. ನಿಂಬೆಹಣ್ಣು ಮಡಿಲಿಗೆ ಬಂತು. ಒಂದೇ ಒಂದು ಸಲ ಮೂಗಿಗೆ ಹೋಯಿತು. ಅದು ಇಳಿಯುತ್ತಿದ್ದ ಮಿನಿ ಬಸ್ಸು ಮೈಮೇಲೆ ಬಂದಿದ್ದಕ್ಕೆ, ನನ್ನ ಲೆಕ್ಕಕ್ಕೆ ಹಾಕಬೇಡಿ.

ಅದೇ ಬಂಕು, ಅದೇ ಪಂಪು: 19.8. ಸಾಧು ಥರ ಓಡಿಸಿದ್ದಕ್ಕಿಂತ ಅರ್ಧ ಲೀಟರ್ ಕೂಡ ಜಾಸ್ತಿ ಆಗಲಿಲ್ಲ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ನಾನು ಓಡಿಸಿದ್ರೆ 21 ಕೊಡ್ತಿತ್ತು" ಅಂದರು.

ಫಿಸಿಕ್ಸ್_ಮೇಷ್ಟ್ರು

ಕೊಡ್ತಿತ್ತು ಕೂಡ. ಅವರು 60 ದಾಟೋದಿಲ್ಲ ಅಲ್ವಾ?

ಉಜಿರೆ_ಯಶವಂತಪುರ

55 ಸರ್.

ಗ್ಯಾರೇಜ್_ಪುತ್ತೂರು

ಚಕ್ರದ ಹತ್ರ ಕೈ ಹಿಡಿದು ನೋಡಿದ್ರಾ?

ಉಜಿರೆ_ಯಶವಂತಪುರ

ನೋಡಿದೆ ಅಣ್ಣಾ. ಮುಂದಿನ ಎಡಗಡೆದು ಉಳಿದ ಮೂರಕ್ಕಿಂತ ಬಿಸಿ ಇತ್ತು.

ಗ್ಯಾರೇಜ್_ಪುತ್ತೂರು

ಮುಂದಿನ ಸಲ ಊರಿಗೆ ಬಂದಾಗ ಶೆಡ್ಡಿಗೆ ತನ್ನಿ. ಬ್ರೇಕಿನ ಕ್ಯಾಲಿಪರ್ ಪಿನ್ ಒಣಗಿರಬೇಕು. ಬಿಚ್ಚಿ ಉಜ್ಜಿ ಗ್ರೀಸ್ ಹಾಕಿದರೆ ಅರ್ಧ ಗಂಟೆ ಕೆಲಸ. ಆಮೇಲೆ ಅಪ್ಪನ ಕೈಗೆ ಕಾರು ಕೊಡಬೇಡಿ, 22 ತೋರಿಸಿಬಿಡ್ತಾರೆ.